ತೇದಿ ಇರುವ ಕೈಪಿಡಿ, ತೇದಿ ಇಲ್ಲದ ಕೈಪಿಡಿ: ಕಂಪೈಲರ್ ಕಟ್ಟುವ ಕಡತಗಳ ಒಂದು ಓದು, ರಾಯದುರ್ಗ–ಮಡಕಶಿರದ ಕಡೆಯಿಂದ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದೆ. ಪ್ರಶ್ನೋತ್ತರದ ಒಂದು ಭಾಗ ಕೊನೆಯಲ್ಲಿದೆ.)

ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ವಿಮರ್ಶೆಯ ಗೋಷ್ಠಿಯಲ್ಲಿ ಕಾದಂಬರಿಯೋ ಕಾವ್ಯವೋ ಇರುತ್ತೆ ಅಂತ ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು. ಇವತ್ತು ನಾನು ಓದುವ ಪಠ್ಯ ಎರಡು. ಒಂದು, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರನ್ನು ಕಟ್ಟುವಾಗ ನಾವು ತುಂಬಬೇಕಾದ ಸಂರಚನಾ ಕಡತ. ಅದರ ಮಾದರಿಯ ಹೆಸರು ಈಗ 'ಬೂಟ್‌ಸ್ಟ್ರ್ಯಾಪ್ ಡಾಟ್ ಎಕ್ಸಾಂಪಲ್ ಡಾಟ್ ಟಾಮಲ್'. ಎರಡು, ಅದೇ ಕಂಪೈಲರಿನ ಮೇಲೆ ಕೆಲಸ ಮಾಡುವವರಿಗಾಗಿ ಬರೆದ ಕೈಪಿಡಿ, 'ರಸ್ಟ್‌ಸಿ ಡೆವ್ ಗೈಡ್'. ಹೋಲಿಕೆಗೆ ಜಿಸಿಸಿಯನ್ನೂ ಅಲ್ಲಲ್ಲಿ ತರ್ತೀನಿ.

ಇವನ್ನು ಯಾಕೆ ಪಠ್ಯ ಅಂತ ಓದಬೇಕು? ನಮ್ಮ ಗುಂಪಿನಲ್ಲಿ ಕೆಲವು ತಿಂಗಳಿಂದ ಒಂದು ಮಾತಿದೆ: ಗಡಿ ತಾಲ್ಲೂಕುಗಳ ಕನ್ನಡ ಮಾಧ್ಯಮದ ಹುಡುಗರಿಗಾಗಿ ಇಂಥದೊಂದು ಕೈಪಿಡಿಯನ್ನು ಕನ್ನಡಕ್ಕೆ ತರೋಣ ಅಂತ. ಒಳ್ಳೆಯ ಆಸೆ. ಆದರೆ ಯಾವುದನ್ನು ಅನುವಾದಿಸ್ತೀವೋ ಅದರ ಸ್ವಭಾವ ಏನು ಅಂತ ಮೊದಲು ನೋಡದೆ ಹೊರಟರೆ ಹುಡುಗರಿಗೆ ಉಪಕಾರಕ್ಕಿಂತ ಅಪಕಾರ ಜಾಸ್ತಿ ಆಗುತ್ತೆ ಅನ್ನೋದು ನನ್ನ ವಾದ. ಯಾಕೆ ಅಂತ ಹೇಳ್ತೀನಿ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ರಸ್ಟ್ ಕಂಪೈಲರನ್ನು ಮೊದಲು ಬರೆದದ್ದು ಓಕ್ಯಾಮಲ್ ಭಾಷೆಯಲ್ಲಿ. 2011ರಲ್ಲಿ ಅದು ತನ್ನನ್ನು ತಾನೇ ಕಟ್ಟಿಕೊಳ್ಳುವಂತಾಯಿತು. 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಬಂತು. ಅಂದರೆ ಇವತ್ತಿನ ರಸ್ಟ್ ಕಂಪೈಲರನ್ನು ಕಟ್ಟೋದಕ್ಕೆ ಅದಕ್ಕಿಂತ ಹಿಂದಿನ ರಸ್ಟ್ ಕಂಪೈಲರ್ ಬೇಕು. ಮೊಸರಿಗೆ ಹೆಪ್ಪು ಬೇಕಲ್ಲ, ಹಾಗೆ. ಇಳಿಸಿಕೊಂಡ ಹಳೆಯ ಕಂಪೈಲರಿಗೆ 'ಹಂತ 0' ಅಂತಾರೆ. ಅದರಿಂದ ಕಟ್ಟಿದ್ದು ಹಂತ 1, ಹಂತ 1ರಿಂದ ಕಟ್ಟಿದ್ದು ಹಂತ 2. ಜಿಸಿಸಿಯಲ್ಲೂ ಮೂರು ಹಂತ ಇದೆ. ಅಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ ವ್ಯತ್ಯಾಸ ಇಲ್ಲ ಅಂತ ಖಾತ್ರಿ ಮಾಡಿಕೊಳ್ತಾರೆ. ಈ ಎಲ್ಲದರಲ್ಲಿ ಯಾವ ಹಂತದವರೆಗೆ ಹೋಗಬೇಕು, ಎಲ್‌ಎಲ್‌ವಿಎಂ ಎಂಬ ದೊಡ್ಡ ಭಾಗವನ್ನು ಮನೆಯಲ್ಲೇ ಕಟ್ಟಬೇಕಾ ಇಲ್ಲಾ ಸಿದ್ಧವಾದದ್ದನ್ನು ಇಳಿಸಿಕೊಳ್ಳಬೇಕಾ, ಎಂಬಂಥ ನೂರಾರು ತೀರ್ಮಾನಗಳನ್ನು ಸಂರಚನಾ ಕಡತ ಹಿಡಿದಿಟ್ಟಿರುತ್ತೆ.

ಈ ಮಾದರಿ ಕಡತದ ಬರವಣಿಗೆ ವಿಚಿತ್ರವಾದದ್ದು. ಪ್ರತಿ ಆಯ್ಕೆಯ ಮೇಲೂ ಕೆಲವು ಸಾಲಿನ ವಿವರಣೆ, ಅದರ ಕೆಳಗೆ ಆ ಆಯ್ಕೆಯ ರೂಢಿಯ ಬೆಲೆ, ಅದೂ ಟಿಪ್ಪಣಿಯ ಗುರುತಿನ ಹಿಂದೆ ಮಲಗಿಸಿದ್ದು. ಓದುವವರು ಗುರುತು ತೆಗೆದರೆ ಅದು ಆಜ್ಞೆ, ಬಿಟ್ಟರೆ ಬರೀ ವಿವರಣೆ. ದಾಖಲೆಗೂ ಆಜ್ಞೆಗೂ ನಡುವೆ ಇರೋದು ಒಂದು ಚಿಹ್ನೆ ಮಾತ್ರ. ಇಲ್ಲಿ ದಾಖಲೆ ಹಳತಾಗೋದು ಕಷ್ಟ, ಯಾಕಂದ್ರೆ ಆಯ್ಕೆಯನ್ನು ಬದಲಿಸುವ ಕೈಗೆ ವಿವರಣೆ ಪಕ್ಕದಲ್ಲೇ ಸಿಗುತ್ತೆ. ಕೈಪಿಡಿಯ ಕಥೆ ಹಾಗಲ್ಲ. ಅದು ಬಹಳ ಕಾಲ ಬೇರೆಯದೇ ಕಡತಕೋಶದಲ್ಲಿ ಬೆಳೆದದ್ದು. ಕಂಪೈಲರ್ ಬದಲಿಸಿದವರು ಆ ಮನೆಗೂ ಹೋಗಿ ತಿದ್ದಬೇಕಿತ್ತು. ಹೋಗುವವರು ಹೋದರು, ಬಿಡುವವರು ಬಿಟ್ಟರು.

ಇದಕ್ಕೆ ಆ ಯೋಜನೆಯವರು ಕಂಡುಕೊಂಡ ಎರಡು ಉಪಾಯಗಳನ್ನು ನಾನು ತುಂಬ ಮೆಚ್ಚುತ್ತೇನೆ. ಮೊದಲನೆಯದು 2023ರಲ್ಲಿ ಬಂದ 'ಚೇಂಜ್ ಐಡಿ'. ನಿಮ್ಮ ಸಂರಚನಾ ಕಡತದಲ್ಲಿ ಒಂದು ಸಂಖ್ಯೆ ಇಟ್ಟಿರುತ್ತೀರಿ. ಅಂದರೆ, ಇಂಥ ಬದಲಾವಣೆಯವರೆಗೆ ನಾನು ಓದಿದ್ದೇನೆ ಅಂತ. ಆಮೇಲೆ ಯಾರಾದರೂ ಆಯ್ಕೆಯ ಹೆಸರು ಬದಲಿಸಿದ್ರೆ, ರೂಢಿಯ ಬೆಲೆ ತಿರುಗಿಸಿದ್ರೆ, ಮುಂದಿನ ಸಲ ಕಟ್ಟುವಾಗ ಅದೇ ಹೇಳುತ್ತೆ: ನೀವು ಬಿಟ್ಟು ಹೋದಾಗಿನಿಂದ ಇಷ್ಟು ಬದಲಾಗಿದೆ, ಓದಿ, ಓದಿದ ಮೇಲೆ ಸಂಖ್ಯೆ ತಿದ್ದಿಕೊಳ್ಳಿ. 2025ರಲ್ಲಿ ಕಡತದ ಹೆಸರೇ 'ಕಾನ್ಫಿಗ್' ಇಂದ 'ಬೂಟ್‌ಸ್ಟ್ರ್ಯಾಪ್'ಗೆ ಬದಲಾಯಿತು. ಹಳೆಯ ಟಿಪ್ಪಣಿಗಳೂ ವಿಡಿಯೋಗಳೂ ಇನ್ನೂ ಹಳೇ ಹೆಸರನ್ನೇ ಹೇಳ್ತಿರುತ್ವೆ ಅನ್ನೋದು ಬೇರೆ ಮಾತು.

ಎರಡನೆಯದು ಕೈಪಿಡಿಯೊಳಗಿನ 'ಡೇಟ್ ಚೆಕ್'. ಯಾವ ವಾಕ್ಯ ಮುಂದೆ ಸುಳ್ಳಾಗಬಹುದೋ ಅದರ ಪಕ್ಕದಲ್ಲಿ, ತಿಂಗಳು ಮತ್ತು ವರ್ಷ ಬರೆದಿಟ್ಟಿರುತ್ತಾರೆ. ಆರು ತಿಂಗಳು ದಾಟಿದ ತೇದಿಗಳನ್ನು ಒಂದು ಸಣ್ಣ ಪ್ರೋಗ್ರಾಂ ತಿಂಗಳಿಗೊಮ್ಮೆ ಹುಡುಕಿ ಪಟ್ಟಿ ಹಾಕುತ್ತೆ. ಯಾರಾದರೂ ಬಂದು ಆ ವಾಕ್ಯ ಇನ್ನೂ ನಿಜವಾ ಅಂತ ನೋಡಿ, ನಿಜವಾದರೆ ತೇದಿ ಹೊಸದು ಮಾಡ್ತಾರೆ, ಇಲ್ಲದಿದ್ದರೆ ವಾಕ್ಯ ತಿದ್ದುತ್ತಾರೆ. ಪುಸ್ತಕಕ್ಕೆ ಪೂರ್ತಿ ಒಂದು ಮುದ್ರಣದ ವರ್ಷ ಇರೋದು ನಮಗೆ ಗೊತ್ತು. ವಾಕ್ಯವಾಕ್ಯಕ್ಕೂ ಒಂದೊಂದು ತೇದಿ ಇರುವ ಗದ್ಯವನ್ನು ನಾನು ಬೇರೆ ಕಡೆ ಕಂಡಿಲ್ಲ.

ತೇದಿಯ ಬೆಲೆ ಗೊತ್ತಾಗಬೇಕಾದರೆ ನಮ್ಮ ಊರುಗಳನ್ನೇ ನೋಡಿ. ರಾಯದುರ್ಗದ ಬಗ್ಗೆ ಹಳೆಯ ಮದ್ರಾಸ್ ಜಿಲ್ಲಾ ಗೆಜೆಟಿಯರಿನಲ್ಲಿ ಹುಡುಕಿದರೆ ಅದು ಸಿಗೋದು ಡಬ್ಲ್ಯೂ. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಸಂಪುಟದಲ್ಲಿ. ಮಡಕಶಿರ ಸಿಗೋದು ಅವರೇ ಬರೆದ 1905ರ ಅನಂತಪುರ ಸಂಪುಟದಲ್ಲಿ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಬಳ್ಳಾರಿ ಮೈಸೂರಿಗೆ ಬಂತು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು, ರಾಯದುರ್ಗ ಅನಂತಪುರಕ್ಕೆ ಸೇರಿತು. 2022ರ ಏಪ್ರಿಲ್ 4ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಂದರೆ 'ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿದೆ' ಎಂಬುದೂ ನಿಜವಾಗಿತ್ತು, 'ಮಡಕಶಿರ ಅನಂತಪುರ ಜಿಲ್ಲೆಯಲ್ಲಿದೆ' ಎಂಬುದೂ ನಿಜವಾಗಿತ್ತು. ಫ್ರಾನ್ಸಿಸರ ಪುಸ್ತಕವನ್ನು ಇವತ್ತು ಯಾರೂ ಸುಳ್ಳು ಅನ್ನಲ್ಲ, ಅದರ ಮೇಲೆ ವರ್ಷ ಇದೆ. ಅದೇ ವಾಕ್ಯ ತೇದಿ ಇಲ್ಲದೆ ಒಂದು ಅರ್ಜಿ ನಮೂನೆಯಲ್ಲೋ ವೆಬ್‌ಸೈಟಿನ ಪಟ್ಟಿಯಲ್ಲೋ ಉಳಿದುಕೊಂಡರೆ ಅದು ದಾರಿ ತಪ್ಪಿಸುತ್ತೆ. ಜಿಲ್ಲೆ ಬದಲಾದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಹಿಂದೆ ಹೋಗಿ. ಮಡಕಶಿರದ ಸೀಮೆಯ ಹೇಮಾವತಿ, ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಕೆತ್ತನೆಯ ಕಲ್ಲುಗಳಲ್ಲಿ ಕೆಲವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಶಕವರ್ಷ ಇರುವಂಥವೂ ಇವೆ, ಬರೀ ಅರಸನ ಹೆಸರು ಹೇಳಿ ಮುಗಿಸುವಂಥವೂ ಇವೆ. ವರ್ಷ ಇಲ್ಲದವನ್ನು ಅಕ್ಷರದ ಆಕಾರ ನೋಡಿ ಕಾಲ ಹಾಕಬೇಕು. ಅದೇ ಒಂದು ವಿದ್ಯೆ. ದಾನಶಾಸನದ ಕೊನೆಯಲ್ಲಿ ಇದನ್ನು ಕೆಡಿಸಿದವರಿಗೆ ಇಂಥ ಪಾಪ ಅಂತ ಶಾಪವೂ ಇರುತ್ತಲ್ಲ, ಅದನ್ನು ನಾನು ನಿರ್ವಹಣೆಯ ಕರಾರು ಅಂತ ಓದುತ್ತೇನೆ. ಹೋಲಿಕೆಯನ್ನು ಇದಕ್ಕಿಂತ ಎಳೆಯಲ್ಲ. ಕಲ್ಲಿನ ಬರಹ ಬದಲಾಗಬಾರದು ಅನ್ನೋದೇ ಅದರ ಉದ್ದೇಶ, ಕೈಪಿಡಿಗೆ ಬದಲಾಗುತ್ತಲೇ ಇರಬೇಕು ಅನ್ನೋದೇ ಧರ್ಮ.

ಮೆಚ್ಚಿಗೆ ಇಷ್ಟು. ಈಗ ತಕರಾರು.

ಮೊದಲ ತಕರಾರು ಚಿಕ್ಕದು. ಕಂಪೈಲರ್ ಕಟ್ಟಲು 30 ಜಿಬಿಗೂ ಹೆಚ್ಚು ಖಾಲಿ ಡಿಸ್ಕ್, 8 ಜಿಬಿ ಅಥವಾ ಹೆಚ್ಚಿನ ರ‍್ಯಾಮ್, ಎರಡಾದರೂ ಕೋರ್ ಇದ್ದರೆ ಒಳ್ಳೆಯದು ಅಂತ ಕೈಪಿಡಿ ಹೇಳುತ್ತೆ. ಪ್ರಾಮಾಣಿಕವಾದ ಮಾತು. ಆದರೆ ಈ ಸಂಖ್ಯೆಗಳನ್ನು ಕಡಿಮೆ ಮಾಡೋದು ಸಂರಚನಾ ಕಡತದ ಆಯ್ಕೆಗಳು. ಎಲ್‌ಎಲ್‌ವಿಎಂ ಅನ್ನು ಸಿದ್ಧರೂಪದಲ್ಲಿ ಇಳಿಸಿಕೊಂಡರೆ ಕೆಲಸದ ದೊಡ್ಡ ಪಾಲೇ ತಪ್ಪುತ್ತೆ. ಬೇಕಾದ ಯಂತ್ರದ ವಿವರ ಒಂದು ಪುಟದಲ್ಲಿ, ಉಳಿಸುವ ಆಯ್ಕೆ ಇನ್ನೊಂದರಲ್ಲಿ. ರಾಯದುರ್ಗದಲ್ಲಿ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತ ವಿದ್ಯಾರ್ಥಿ ಮೊದಲ ಪುಟ ಓದಿಯೇ ಮುಚ್ಚಿಡಬಹುದು. ಇದು ಬರಹದ ಜೋಡಣೆಯ ದೋಷ.

ಎರಡನೆಯದು ದೊಡ್ಡದು, ಅದಕ್ಕೆ ಜಿಸಿಸಿ ಬೇಕು. ಜಿಸಿಸಿ ಕಟ್ಟುವಾಗ 'ಡಿಸೇಬಲ್ ಎನ್‌ಎಲ್‌ಎಸ್' ಎಂಬ ಒಂದು ಆಯ್ಕೆ ಇದೆ. ಎನ್‌ಎಲ್‌ಎಸ್ ಅಂದರೆ ದೇಶಭಾಷೆಗಳ ಬೆಂಬಲ. ಅಮೆರಿಕನ್ ಇಂಗ್ಲಿಷ್ ಅಲ್ಲದ ಭಾಷೆಗಳಲ್ಲಿ ಕಂಪೈಲರ್ ತನ್ನ ಸಂದೇಶ ಹೇಳಲು ಬಿಡುವ ಸೌಲಭ್ಯ ಅದು ಅಂತ ಅವರ ದಾಖಲೆಯೇ ವಿವರಿಸುತ್ತೆ. ರೂಢಿಯಲ್ಲಿ ಅದು ಚಾಲೂ ಇರುತ್ತೆ. ಆದರೆ ಕಂಪೈಲರ್ ಕಟ್ಟೋದನ್ನು ಕಲಿಸುವ ಪಾಠಗಳನ್ನು ತೆಗೆದು ನೋಡಿ: 'ಲಿನಕ್ಸ್ ಫ್ರಂ ಸ್ಕ್ರ್ಯಾಚ್' ಪುಸ್ತಕದ ಮೊದಲ ಸುತ್ತಿನ ಜಿಸಿಸಿಯಲ್ಲೇ ಆ ಆಯ್ಕೆಯನ್ನು ಆಫ್ ಮಾಡಿಸ್ತಾರೆ. ಕಾರಣ ಸರಿಯಾದದ್ದೇ, ತಾತ್ಕಾಲಿಕ ಕಂಪೈಲರಿಗೆ ಅದು ಬೇಕಾಗಿಲ್ಲ. ಅದನ್ನು ನೋಡಿ ಕಲಿತವರು ಮುಂದೆ ಎಲ್ಲ ಕಡೆ ಅದೇ ಸಾಲನ್ನು ಅಂಟಿಸ್ತಾರೆ. ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಪ್ರಶ್ನೆ ಡಿಸ್ಕ್ ಉಳಿಸುವ ಪ್ರಶ್ನೆಯಾಗಿ, ಒಂದು ಸ್ವಿಚ್ಚಾಗಿ ಮುಗಿದುಹೋಗುತ್ತೆ.

ಸ್ವಿಚ್ ಹಾಕಿದರೂ ನಮಗೇನು ಸಿಗುತ್ತೆ? ಜಿಸಿಸಿಯ ಅನುವಾದ ಕಡತಗಳಲ್ಲಿ ಜರ್ಮನ್, ಫ್ರೆಂಚ್, ಜಪಾನಿ, ಟರ್ಕಿಶ್, ವಿಯೆಟ್ನಾಮಿ ಇವೆ. ಕನ್ನಡ ಇಲ್ಲ. ತೆಲುಗೂ ಇಲ್ಲ. ಫೈರ್‌ಫಾಕ್ಸ್‌ಗೆ ಕನ್ನಡ ಬಂತು, ಗ್ನೋಮ್‌ಗೆ ಬಂತು, ಆದರೆ ಕಂಪೈಲರಿನ ಮಟ್ಟಕ್ಕೆ ಇಳಿಯಲಿಲ್ಲ. ಕಂಪೈಲರ್ ವಿದ್ಯೆ ನಮ್ಮಲ್ಲಿ ಇಲ್ಲದೆ ಅಲ್ಲ. ಬೆಂಗಳೂರಿನ ಐಐಎಸ್‌ಸಿಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ 2002ರಲ್ಲೇ 'ದಿ ಕಂಪೈಲರ್ ಡಿಸೈನ್ ಹ್ಯಾಂಡ್‌ಬುಕ್' ಸಂಪಾದಿಸಿದರು. ಇವತ್ತು ಜಗತ್ತೇ ಬಳಸುವ ಎಂಎಲ್‌ಐಆರ್ ರೂಪಿಸಿದವರಲ್ಲಿ ಅಲ್ಲಿನ ಉದಯ್ ಬೊಂಡುಗುಲ ಒಬ್ಬರು. ವಿದ್ಯೆ ಬೆಂಗಳೂರಲ್ಲೇ ಇದೆ, ಅದರ ಮಾತು ಮಾತ್ರ ಇಂಗ್ಲಿಷು.

ರಸ್ಟ್ ಯೋಜನೆ ಇದನ್ನು ಸರಿಮಾಡಲು 2022ರಲ್ಲಿ ಹೊರಟಿತು. ಸಂದೇಶಗಳನ್ನು ಕೋಡಿನಿಂದ ಎತ್ತಿ 'ಫ್ಲುಯೆಂಟ್' ಎಂಬ ಬೇರೆ ಕಡತಗಳಿಗೆ ಹಾಕುವ ಕೆಲಸ. ಏನಾಯ್ತು? ಕಂಪೈಲರ್ ಬರೆಯುವವರಿಗೆ ತಮ್ಮದೇ ದೋಷಸಂದೇಶ ಓದಲು ಇನ್ನೊಂದು ಕಡತ ತೆಗೆಯಬೇಕಾಯಿತು, ಹುಡುಕೋದು ಕಷ್ಟವಾಯಿತು. ಈ ವ್ಯವಸ್ಥೆ ಕೆಲಸಕ್ಕೆ ತೊಡಕಾಗಿದೆ, ಮರುವಿನ್ಯಾಸ ಆಗಬೇಕು ಅಂತ 2024ರ ಅಕ್ಟೋಬರ್ ತೇದಿ ಹಾಕಿ ಕೈಪಿಡಿಯೇ ಬರೆದುಕೊಂಡಿತು. ಆ ಟಿಪ್ಪಣಿಯನ್ನು ಎರಡು ಥರ ಓದಬಹುದು. ಒಂದು, ಸೋಲನ್ನು ತೇದಿ ಸಮೇತ ಬರೆದಿಟ್ಟ ದೊಡ್ಡತನ. ಇನ್ನೊಂದು, ತೊಡಕು ಯಾರಿಗೆ ಎಂಬ ಪ್ರಶ್ನೆ. ಅದು ಲೆಕ್ಕಕ್ಕೆ ತಗೊಂಡದ್ದು ಬರೆಯುವವರ ತೊಡಕನ್ನು. ಇಂಗ್ಲಿಷ್ ಸಂದೇಶ ಓದಲಾರದವರ ತೊಡಕು ಆ ವಾಕ್ಯದ ಹೊರಗೆ ಉಳಿಯಿತು. ನನ್ನ ಮಟ್ಟಿಗೆ ಎರಡೂ ಓದು ಸರಿ.

ಒಂದು ಪಕ್ಷ ಆ ಯೋಜನೆ ಗೆದ್ದಿದ್ದರೂ ಕನ್ನಡಕ್ಕೆ ಸಲೀಸಾಗಿ ಒದಗುತ್ತಿರಲಿಲ್ಲ. ದೋಷಸಂದೇಶ ಅಂದರೆ ನಡುವೆ ಖಾಲಿ ಜಾಗ ಬಿಟ್ಟ ವಾಕ್ಯ. ಆ ಜಾಗಕ್ಕೆ ಚರದ ಹೆಸರು ಬಂದು ಕೂರುತ್ತೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಹತ್ತಬೇಕು. ಹೆಸರು 'ಡೇಟಾ' ಆದರೆ 'ಡೇಟಾವನ್ನು', 'ಕೀ' ಆದರೆ 'ಕೀಯನ್ನು', 'ಕೌಂಟ್' ಆದರೆ 'ಕೌಂಟನ್ನು'. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರನ್ನು ನಾವು ಹೇಗೆ ಉಚ್ಚರಿಸ್ತೀವಿ ಅನ್ನೋದರ ಮೇಲೆ ಪ್ರತ್ಯಯ ನಿಲ್ಲುತ್ತೆ, ಯಂತ್ರಕ್ಕೆ ಉಚ್ಚಾರ ಗೊತ್ತಿಲ್ಲ. 'ಎಂಬ ಹೆಸರನ್ನು' ಅಂತ ಒಂದು ಸೇತುವೆ ಪದ ಹಾಕಿದರೆ ಪಾರಾಗಬಹುದು; ಸ್ವಲ್ಪ ಕಚೇರಿ ಕನ್ನಡದ ವಾಸನೆ ಬರುತ್ತೆ, ಆದರೂ ವ್ಯಾಕರಣ ಕೆಡಲ್ಲ.

ಇನ್ನೊಂದು ಸಾಲು. ಚರಗಳ ಹೆಸರನ್ನು ಕನ್ನಡದಲ್ಲೇ ಬರೆಯಲು ರಸ್ಟ್ 1.53, ಅಂದರೆ 2021ರ ಜೂನ್ ಆವೃತ್ತಿಯಿಂದ ಅವಕಾಶ ಇದೆ. ಪೈಥಾನ್ 3 ಅದಕ್ಕಿಂತ ಎಷ್ಟೋ ಮೊದಲೇ ಕೊಟ್ಟಿತ್ತು. ಆದರೆ ರಸ್ಟ್‌ನ ಉಲ್ಲೇಖಗ್ರಂಥದಲ್ಲಿ ಒಂದು ಸಣ್ಣ ಷರತ್ತಿದೆ: ಶೂನ್ಯ ಅಗಲದ ಜೋಡಕ ಮತ್ತು ವಿಯೋಜಕ ಅಕ್ಷರಗಳಿಗೆ ಹೆಸರಿನೊಳಗೆ ಜಾಗವಿಲ್ಲ. ಪೈಥಾನ್‌ನಲ್ಲೂ ಇಲ್ಲ, ಜಾವಾಸ್ಕ್ರಿಪ್ಟ್‌ನಲ್ಲಿ ಇದೆ. ಕನ್ನಡದಲ್ಲಿ 'ರಾಜ್‌ಕುಮಾರ್' ಅಂತ ಅರ್ಧಾಕ್ಷರವನ್ನು ಬಿಡಿಸಿ ಬರೆಯೋದು ಆ ಕಾಣದ ಅಕ್ಷರದಿಂದಲೇ. ಅದಿಲ್ಲದೆ ಜಕಾರಕ್ಕೆ ಕಕಾರ ಒತ್ತಾಗಿ ಇಳಿಯುತ್ತೆ. ಹೊರಗಿಟ್ಟದ್ದಕ್ಕೆ ಕಾರಣ ಇದೆ: ಕಣ್ಣಿಗೆ ಕಾಣದ ಅಕ್ಷರ ಇದ್ದರೆ ಒಂದೇ ಥರ ಕಾಣುವ ಎರಡು ಹೆಸರು ಹುಟ್ಟುತ್ತವೆ, ಮೋಸಕ್ಕೆ ದಾರಿ. ನಾನು ಆ ತೀರ್ಮಾನವನ್ನು ಒಪ್ಪುತ್ತೇನೆ. ಅದರ ಬೆಲೆ ಕೊಡೋದು ಯಾವ ಲಿಪಿಯವರು ಅನ್ನೋದನ್ನೂ ಅದೇ ಪುಟದಲ್ಲಿ ಒಂದು ವಾಕ್ಯ ಬರೆಯಬಹುದಿತ್ತು.

ಗಡಿಯವರಿಗೆ ಇನ್ನೂ ಹತ್ತಿರದ ಒಂದು ವಿಷಯ. ಯೂನಿಕೋಡಿನಲ್ಲಿ ತೆಲುಗಿನ 128 ಸ್ಥಾನ ಮುಗಿದ ಕೂಡಲೇ ಪಕ್ಕದ ಕೋಣೆ ಕನ್ನಡದ್ದು. ಅ, ಇ, ಜ, ಲ ಮುಂತಾದವು ಎರಡರಲ್ಲೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. 'ಜಲ' ಅಂತ ಒಂದು ಚರವನ್ನು ಕನ್ನಡ ಕೀಲಿಮಣೆಯಲ್ಲೂ ಇನ್ನೊಂದನ್ನು ತೆಲುಗಿನಲ್ಲೂ ಬರೆದರೆ ಎರಡು ಬೇರೆ ಚರ. ರಾಯದುರ್ಗದಲ್ಲಿ ಎರಡೂ ಕೀಲಿಮಣೆ ಇರುವ ಫೋನು ಅಪರೂಪ ಅಲ್ಲ, ಇದು ಕಲ್ಪಿತ ತೊಂದರೆ ಅಲ್ಲ. ರಸ್ಟ್ ಕಂಪೈಲರ್ ಇಂಥಲ್ಲಿ ಗೊಂದಲದ ಹೆಸರು ಅಂತ ಎಚ್ಚರಿಕೆ ಕೊಡುತ್ತೆ. ಒಳ್ಳೆಯ ಕೆಲಸ. ಎಚ್ಚರಿಕೆ ಬರೋದು ಮಾತ್ರ ಇಂಗ್ಲಿಷಿನಲ್ಲಿ!

ಈಗ ನಮ್ಮ ಅನುವಾದದ ಮಾತಿಗೆ ಬರ್ತೀನಿ. ಮಡಕಶಿರ, ಅಮರಾಪುರ, ರೊಳ್ಳ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಇಂಗ್ಲಿಷ್ ಮೂಲ ಪರಕೀಯ, ಸುತ್ತಲಿನ ಕಚೇರಿ ತೆಲುಗು. ಅವಳ ಕೈಗೆ ಕನ್ನಡ ಪುಟ ಸಿಕ್ಕರೆ ಅವಳು ಅದನ್ನೇ ನಂಬ್ತಾಳೆ, ಮೂಲದ ಜೊತೆ ತಾಳೆ ನೋಡುವ ಅನುಕೂಲ ಅವಳಿಗಿಲ್ಲ. ಅದಕ್ಕೇ ಹಳೆಯ ಅನುವಾದ ಹಳೆಯ ಮೂಲಕ್ಕಿಂತ ಅಪಾಯ. ಇಂಗ್ಲಿಷ್ ಓದುಗರಿಗೆ ತಪ್ಪು ಎದುರಾದರೆ ಹುಡುಕಲು ಹತ್ತು ಪುಟ ಇವೆ. ಅವಳಿಗೆ ಇರೋದು ಇದೊಂದೇ. 'ಕಾನ್ಫಿಗ್' ಹೆಸರಿನ ಕಡತ ಮಾಡಿ ಅಂತ ನಾವು 2024ರಲ್ಲಿ ಬರೆದು ಬಿಟ್ಟಿದ್ದರೆ, ಇವತ್ತು ಅವಳು ನಮ್ಮ ಪುಟವನ್ನೂ ಮೂಲವನ್ನೂ ಎದುರಿಟ್ಟುಕೊಂಡು ತನ್ನದೇ ತಪ್ಪು ಅಂದುಕೊಳ್ತಾಳೆ. ಹಾಗಾಗಿ ಇಡೀ ಕೈಪಿಡಿ ಬೇಡ. ಕಟ್ಟುವ ಅಧ್ಯಾಯ ಒಂದು ಸಾಕು. ಪ್ರತಿ ವಾಕ್ಯಕ್ಕೂ ಮೂಲದ ತೇದಿ, ನಮ್ಮ ತೇದಿ, ಎರಡೂ ಇರಲಿ. ಆರು ತಿಂಗಳಿಗೆ ನೋಡುವವರು ಸಿಗದಿದ್ದರೆ ಆ ಪುಟದ ಮೇಲೆ 'ಇದು ಹಳತು' ಅಂತ ತಾನೇ ಬರುವ ಹಾಗೆ ಮಾಡೋಣ.

ಪ್ರಶ್ನೆಗಳಿಗೆ:

ಯಂತ್ರಾನುವಾದ ಇದೆಯಲ್ಲ, ಬೇಕಾದಾಗ ಬೇಕಾದ ಪುಟ ತಿರುಗಿಸಿಕೊಳ್ಳಬಹುದಲ್ಲ ಅಂತ ಒಬ್ಬರು ಕೇಳಿದ್ದಾರೆ. ತಿರುಗಿಸಿಕೊಳ್ಳಬಹುದು, ತಾಜಾತನದ ಸಮಸ್ಯೆ ಅದರಿಂದ ಅರ್ಧ ನೀಗುತ್ತೆ. ಆದರೆ ಪುಟಕ್ಕೆ ಪುಟ ಪದ ಬದಲಾದರೆ ಕಲಿಯೋದು ಹೇಗೆ? ಒಂದು ಕಡೆ 'ಎರವಲು', ಇನ್ನೊಂದು ಕಡೆ 'ಸಾಲ' ಅಂತ ಬಂದರೆ ಅದು ಬರೀ ಪರ್ಯಾಯ ಪದ ಅಲ್ಲ. ಸಾಲದಲ್ಲಿ ತಗೊಂಡ ನೋಟನ್ನೇ ವಾಪಸ್ ಕೊಡಬೇಕಾಗಿಲ್ಲ, ಅಷ್ಟೇ ಮೊತ್ತ ಕೊಟ್ಟರೆ ಸಾಕು. ಎರವಲು ತಂದ ಒಡವೆಯನ್ನು ಅದನ್ನೇ ಹಿಂದಿರುಗಿಸಬೇಕು, ಮಾರೋ ಹಾಗಿಲ್ಲ, ಕರಗಿಸೋ ಹಾಗಿಲ್ಲ, ಒಡತಿ ಇರೋವರೆಗೆ ಮಾತ್ರ. ರಸ್ಟ್ ಭಾಷೆಯ ನಿಯಮ ಇದ್ದದ್ದು ಇದ್ದ ಹಾಗೆ ಎರಡನೆಯದು. ನಮ್ಮ ಕಡೆ ಮದುವೆಗೆ ಸರ ಎರವಲು ತಂದು ಗೊತ್ತಿರುವ ಯಾರಿಗೂ ಆ ಅಧ್ಯಾಯ ಅರ್ಧ ಪಾಠ ಆದ ಹಾಗೇ.

'ಬಿಲ್ಡ್' ಪದಕ್ಕೆ 'ಕಟ್ಟು' ಸಾಕಾ, ಬೇರೆ ಬೇಕಾ ಅಂತ ಇನ್ನೊಂದು ಪ್ರಶ್ನೆ. ಕ್ರಿಯಾಪದವಾಗಿ 'ಕಟ್ಟು' ಚೆನ್ನಾಗಿದೆ, ಇವತ್ತು ಪೂರ್ತಿ ಅದನ್ನೇ ಬಳಸಿದ್ದೀನಿ. ನಾಮಪದ ಮಾಡಿದರೆ 'ಕಟ್ಟು' ಹೊರೆಯೂ ಆಗುತ್ತೆ, ಕಟ್ಟುಪಾಡೂ ಆಗುತ್ತೆ. ಅಲ್ಲಿ 'ಬಿಲ್ಡ್' ಅಂತಲೇ ಇಡೋದು ಲೇಸು ಅಂತ ನನ್ನ ಅಭಿಪ್ರಾಯ. ಪದಪಟ್ಟಿಯನ್ನು ಹಂಚಿಕೊಂಡ ಕಡತದಲ್ಲಿ ಹಾಕಿದ್ದೀನಿ. ತಿದ್ದುವವರು ಪಕ್ಕದ ಕಾಲಂನಲ್ಲಿ ತೇದಿ ಹಾಕಿ.